ಬಾಗಿದ ಗೆರೆಗೆ ಹೊಸ ಕಾರ್ಡು

ಸವದತ್ತಿ
4 ಜೂನ್ 2025

ಗೌರೀಶ,

ಬಹಳ ದಿನಗಳ ಮೇಲೆ ಬರೆಯುತ್ತಿದ್ದೇನೆ. ನೀನು ಕಿತ್ತೂರಿನ ಅಂಗಡಿಗೆ ಫ್ಲೆಕ್ಸ್ ಮಷೀನ್ ತಂದ ದಿನ ನಾನು ಫೋನಿನಲ್ಲಿ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು, ನಾನಾಗಿ ಕರೆಯುವವರೆಗೆ ಸವದತ್ತಿಗೆ ಬರುವುದಿಲ್ಲ ಎಂದು ನೀನು. ಅಂದಿನಿಂದ ನಮ್ಮದು ಬಸ್ಸಿನಲ್ಲಿ ಓಡಾಡುವ ಕಾಗದದ ಸ್ನೇಹ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಿ ನಿನ್ನ ಸುಳ್ಳು ಸಿಗುತ್ತಿರಲಿಲ್ಲ, ಕಾಗದದಲ್ಲಿ ಸಿಕ್ಕಿಬೀಳುತ್ತೀಯ. ಸುಳ್ಳು ಬರೆಯುವಾಗ ನಿನ್ನ ಅಕ್ಷರಗಳು ಮಳೆಗೆ ಸಿಕ್ಕ ಕುರಿಗಳಂತೆ ಒಂದಕ್ಕೊಂದು ಆತು ನಿಲ್ಲುತ್ತವೆ. ಖರೆ ಬರೆಯುವಾಗ ಬಿಡಿಬಿಡಿಯಾಗಿ ಬರುತ್ತವೆ. ನಿನ್ನ ಕೈಗೆ ಬ್ರಷ್ ಕೊಟ್ಟವನು ನಾನು, ನನಗೆ ಗೊತ್ತಾಗದೇ?

ಈಗ ಕೆಲಸದ ಮಾತು. ಮುನವಳ್ಳಿಯ ಸೈಬರ್ ಕೆಫೆ ಮುಚ್ಚಿದಾಗ ತಂದೆನಲ್ಲ, ಆ ಹಳೆಯ ಕಂಪ್ಯೂಟರ್ ಕೈಕೊಡುತ್ತಿದೆ. ನನ್ನ ಕೈಯ ಅಕ್ಷರಗಳನ್ನು ಒಂದೊಂದಾಗಿ ಅದರಲ್ಲಿ ಬರೆದಿಡುತ್ತಿರುವುದು ನಿನಗೆ ಗೊತ್ತು. ಗೋಡೆಗೆ ಬರೆದದ್ದರ ಮೇಲೆ ಸುಣ್ಣ ಬಳಿದರು, ಟ್ರ್ಯಾಕ್ಟರಿಗೆ ಬರೆದದ್ದನ್ನು ತುಕ್ಕು ತಿಂದಿತು, ಅಂಗಡಿಗಳ ಮೇಲಿನದನ್ನು ನಿನ್ನಂಥವರ ಫ್ಲೆಕ್ಸ್ ಮುಚ್ಚಿತು. ಇದೊಂದಾದರೂ ಉಳಿಯಲಿ ಎಂಬ ಆಸೆ. ರಾಜ್ಯೋತ್ಸವದೊಳಗೆ ಳ ವರೆಗೆ ಮುಗಿಸಬೇಕು. ಅ ದಿಂದ ಞ ವರೆಗೆ ಆಗಿದೆ, ಈಗ ಟ ಹಿಡಿದಿದ್ದೇನೆ.

ನಿನ್ನೆ ಅದರ ಪರದೆಯ ಮೇಲೆ ಒಂದು ಬೋರ್ಡಿನ ಅಂಚಿಗೆಂದು ಉದ್ದಕ್ಕೆ ಗೆರೆ ಎಳೆದೆ. ನಡುವೆ ಬಾಗಿತು. ಅಳಿಸಿ ಎಳೆದೆ, ಮತ್ತೆ ಬಾಗಿತು. ಎಷ್ಟು ದಿನದಿಂದ ಹೀಗಿದೆಯೋ ಯಾರಿಗೆ ಗೊತ್ತು! ನಮ್ಮ ಕನ್ನಡದ ಅಕ್ಷರಗಳೆಲ್ಲ ದುಂಡು, ಸ್ವಲ್ಪ ಬಾಗಿದರೆ ತಿಳಿಯುವುದೇ ಇಲ್ಲ. ಮರಾಠಿಯಾಗಿದ್ದರೆ ತಲೆಯ ಮೇಲಿನ ಗೆರೆಯೇ ಎಂದೋ ಚಾಡಿ ಹೇಳುತ್ತಿತ್ತು. ಇನ್ನೂ ಒಂದು ವಿಚಿತ್ರವಿದೆ. ನಾನು ಎಲ್ಲಿ ನೋಡುತ್ತೇನೋ ಅಲ್ಲೇ ಬಾಗುತ್ತದೆ, ಪಕ್ಕದ್ದು ನೆಟ್ಟಗಿರುತ್ತದೆ.

ಹಿಂದೆ ಸುಣ್ಣ ಸಿಡಿದು ಎಡಗಣ್ಣು ಹೋದಾಗಲೂ ನಾನು ಹೆದರಿರಲಿಲ್ಲ. ಗೆರೆ ನೋಡುವಾಗ ಪೇಂಟರ್ ಹೇಗೂ ಒಂದು ಕಣ್ಣು ಮುಚ್ಚುತ್ತಾನೆ, ಬಲಗಣ್ಣು ಸಾಕು ಎಂದು ನಕ್ಕಿದ್ದೆ. ಈಗ ಹೆದರಿಕೆಯಾಗಿದೆ. ಕಂಪ್ಯೂಟರಿಗೆ ಏನಾಗಿದೆ, ಬರೆ.

ಹುಸೇನಪೀರ


ಕಿತ್ತೂರು
9 ಜೂನ್ 2025

ಉಸ್ತಾದರಿಗೆ,

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಿಮಗೆ ಕುಣಿಯಲು ಬರುತ್ತದೆ, ಆದ್ದರಿಂದ ನೆಲವೇ ಡೊಂಕಿರಬೇಕು. ಹೆದರಬೇಡಿ. ಹೋಗಿರುವುದು ಗ್ರಾಫಿಕ್ಸ್ ಕಾರ್ಡು.

ಪರದೆಯ ಮೇಲೆ ಕಾಣುವುದನ್ನೆಲ್ಲ ಬಿಡಿಸುವುದು ಅದೇ. ಅದೂ ನಿಮ್ಮ ಹಾಗೆ ಒಬ್ಬ ಪೇಂಟರ್ ಎಂದುಕೊಳ್ಳಿ. ವಯಸ್ಸಾದ ಕಾರ್ಡು ಗೆರೆ ಬಾಗಿಸುತ್ತದೆ, ಬಣ್ಣ ನುಂಗುತ್ತದೆ. ನೋಡಿದಲ್ಲೇ ಬಾಗುವುದಕ್ಕೂ ಕಾರಣವಿದೆ. ಮೌಸ್ ಇದ್ದ ಜಾಗವನ್ನು ಕಾರ್ಡು ಮತ್ತೆ ಮತ್ತೆ ಬಿಡಿಸುತ್ತಿರುತ್ತದೆ, ನಿಮ್ಮ ದೃಷ್ಟಿಯೂ ಮೌಸಿನ ಮೇಲೇ ಇರುತ್ತದೆ. ಇಷ್ಟೇ ವಿಷಯ.

ನಿಮ್ಮ ಕಂಪ್ಯೂಟರಿನ ಪ್ರೊಸೆಸರಿಗೆ ತಾನಾಗಿ ಚಿತ್ರ ತೋರಿಸುವ ಶಕ್ತಿಯಿಲ್ಲ, ಕಾರ್ಡು ಬೇಕೇ ಬೇಕು. ಆದರೆ ಸಿಕ್ಕಿದ್ದು ಹಾಕಲು ಬರುವುದಿಲ್ಲ. ಕಂಪ್ಯೂಟರಿನ ಡಬ್ಬಿಯ ಅಗಲ ಅಳೆದು ಬರೆಯಿರಿ. ಹಿಂದಿನ ಪವರ್ ಸಪ್ಲೈ ಮೇಲೆ ಎಷ್ಟು ವ್ಯಾಟ್ ಎಂದಿದೆ ನೋಡಿ. ಮಾನಿಟರಿನ ವೈರು ನೀಲಿ ಮೂತಿಯದೋ ಬೇರೆಯದೋ ತಿಳಿಸಿ. ಕಡಿಮೆ ಬೆಲೆಯಲ್ಲೇ ಸರಿಯಾದದ್ದು ಹುಡುಕಿ ಕೊಡುವ ಜವಾಬ್ದಾರಿ ನನ್ನದು.

ಅಲ್ಲಿಯವರೆಗೆ ಬೇರೆ ಯಾರಿಗೂ ತೋರಿಸಬೇಡಿ. ಇಲ್ಲದ ರೋಗ ಹೇಳಿ ಹೊಸ ಕಂಪ್ಯೂಟರೇ ಕೊರಳಿಗೆ ಕಟ್ಟಿಬಿಡುತ್ತಾರೆ.

ಗೌರೀಶ


ಸವದತ್ತಿ
21 ಜೂನ್ 2025

ಗೌರೀಶ,

ಕಾರ್ಡು ಎಂದು ಓದಿದ ಮೇಲೆ ಹೊಟ್ಟೆ ತುಂಬ ಉಂಡೆ.

ಡಬ್ಬಿ ಸಣ್ಣದು, ಒಂದು ಗೇಣು ಅಗಲವೂ ಇಲ್ಲ. ಒಳಗಿರುವ ಕಾರ್ಡು ಅರ್ಧ ಎತ್ತರದ್ದು. ಮೂತಿ ನೀಲಿ. ವ್ಯಾಟಿನ ಅಂಕಿ ನನಗೆ ಓದಲು ಬರಲಿಲ್ಲ, ಚೀಟಿ ಮಾಸಿದೆ. ನಮ್ಮ ಮನೆಯಾಕೆ ಅನ್ವರಬಿ ನೋಡಿ ಇನ್ನೂರಿಪ್ಪತ್ತು ಎಂದಳು. ಮಾಸಿದ ಚೀಟಿ ಅವಳಿಗೆ ಹೇಗೆ ಕಂಡಿತೋ!

ರೋಗ ಮುಂದುವರಿದಿದೆ. ಈಗ ಪರದೆಯ ನಡುವೆ ಬೂದಿ ಬಣ್ಣದ ಕಲೆ, ತುಪ್ಪದ ಬೆರಳು ಒತ್ತಿದ ಹಾಗೆ. ಮಾನಿಟರ್ ಒರೆಸಿ ಒರೆಸಿ ಅರಿವೆ ಸವೆಯಿತು. ಅನ್ವರಬಿಯದು ಒಂದೇ ಹಾಡು. "ಕಂಪ್ಯೂಟರ್ ಇರ್ಲಿ, ಮೊದಲ ಕಣ್ಣ ತೋರಸ್ರಿ." ನಾನಂದೆ, "ಸುಮ್ಕ ಕುಂಡ್ರ. ಗೌರೀಶ ಕಾರ್ಡ್ ಹೋಗೇತಿ ಅಂತ ಬರದಾನ. ಅವಂಗಿಂತ ನಿನಗ ಹೆಚ್ಚ ಗೊತ್ತೈತೇನು?"

ಒಂದು ತಮಾಷೆ ಕೇಳು. ಹಣಮಂತಪ್ಪನ ಟ್ರ್ಯಾಲಿಗೆ ಹೆಸರು ಬರೆದುಕೊಟ್ಟೆ. ಮರುದಿನ ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ. "ಅಕ್ಷರ ಚಲೋ ಅದಾವ್ರಿ ಮಾಸ್ತರ, ಕೆಳಗಿನ ಗೆರಿ ಯಾಕ ಡೊಂಕ ಎಳದೀರಿ?" ಎಂದ. ಗೆರೆ ನೆಟ್ಟಗಿತ್ತು, ನಾನೇ ನೋಡಿದೆ. ಅವನ ಟ್ರ್ಯಾಲಿಯ ತಗಡೇ ಕಬ್ಬು ಹೇರಿ ಬಗ್ಗಿದೆ. ಬಸ್ ಸ್ಟ್ಯಾಂಡಿನ ಎದುರಿನ ದೀಪದ ಕಂಬವೂ ಬಗ್ಗಿದೆ, ಯಾವುದೋ ಲಾರಿ ಗುದ್ದಿರಬೇಕು. ಊರಿನಲ್ಲಿ ಒಂದೂ ನೆಟ್ಟಗೆ ಉಳಿಯಲಿಲ್ಲ ನೋಡು.

ಹುಸೇನಪೀರ


ಕಿತ್ತೂರು
10 ಜುಲೈ 2025

ಉಸ್ತಾದರಿಗೆ,

ತಡವಾಯಿತು. ನಿಮ್ಮ ಪತ್ರ ಬೈಲಹೊಂಗಲದಲ್ಲೇ ಉಳಿದಿತ್ತು. ಅಲ್ಲಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿ ಶಟ್ಟೆಪ್ಪ ಕಿತ್ತೂರು ಬಸ್ಸಿಗೆ ಕೊಡುವುದನ್ನು ಮರೆತು ಚಹಾಪುಡಿಯ ಡಬ್ಬಿಯ ಕೆಳಗೆ ಇಟ್ಟಿದ್ದ. ಕೇಳಿದರೆ, "ಈ ವಯಸ್ಸಿನ್ಯಾಗ ಇಬ್ಬರೂ ಏನ್ ಬರಕೋತೀರಿ ಮಾರಾಯ್ರ, ಫೋನ್ ಸತ್ತಾವೇನು?" ಎಂದು ನನ್ನನ್ನೇ ಗದರಿಸಿದ.

ಕಾರ್ಡಿನ ಕಥೆ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಒಂದು ಸಿಕ್ಕಿತು, ಎತ್ತರದ್ದು, ನಿಮ್ಮ ಡಬ್ಬಿಯ ಮುಚ್ಚಳ ಹಾಕಲು ಆಗುವುದಿಲ್ಲ. ಇನ್ನೊಂದಕ್ಕೆ ಬೇರೆ ಪವರ್ ವೈರು ಬೇಕು, ನಿಮ್ಮ ಇನ್ನೂರಿಪ್ಪತ್ತು ವ್ಯಾಟ್ ಅದರ ಹಸಿವಿಗೆ ಸಾಲದು. ಮೂರನೆಯದು ಅಳತೆಗೆ ಸರಿ, ಆದರೆ ಹೊಸ ಕಾಲದ್ದು, ನಿಮ್ಮ ಹಳೆಯ ಬೋರ್ಡು ಅದನ್ನು ಗುರುತಿಸುವ ಭರವಸೆಯಿಲ್ಲ. ಒಂದು ಬಹಳ ಸೋವಿಯಾಗಿ ಬಂದಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ. ತೆರೆದು ನೋಡಿದರೆ ಎಲ್ಲೋ ಹಗಲಿರುಳು ದುಡಿದು ಸುಟ್ಟ ಕಾರ್ಡಿಗೆ ಹೊಸ ಚೀಟಿ ಅಂಟಿಸಿದ್ದರು. ಒಂದೇ ಹೆಸರಿನಲ್ಲಿ ಎರಡು ಜಾತಿಯ ಮೆಮೊರಿ ಬರುತ್ತದೆ, ಅದರಲ್ಲಿ ನಿಧಾನದ್ದನ್ನು ನಿಮಗೆ ಕೊಡಲು ಮನಸ್ಸಿಲ್ಲ.

ಅವಸರ ಮಾಡಿದರೆ ಕೆಡುತ್ತದೆ. ನನಗೆ ಸ್ವಲ್ಪ ಕಾಲ ಕೊಡಿ. ಅಷ್ಟರಲ್ಲಿ ಗೆರೆ ಬಾಗಿದಾಗ ಯಾರ ಮೊಬೈಲಿನಲ್ಲಾದರೂ ಪರದೆಯ ಫೋಟೋ ತೆಗೆಸಿ ಕಳಿಸಿ. ಬರೆದ ಅಕ್ಷರಗಳನ್ನೂ ಪೆನ್ ಡ್ರೈವಿನಲ್ಲಿ ಹಾಕಿ ಕಳಿಸಿ, ನೋಡಿ ಕಣ್ಣು ತಂಪು ಮಾಡಿಕೊಳ್ಳುತ್ತೇನೆ.

ಗೌರೀಶ


ಸವದತ್ತಿ
22 ಜುಲೈ 2025

ಗೌರೀಶ,

ಫೋಟೋವನ್ನು ಪಕ್ಕದ ಮನೆಯ ಸದಾಶಿವನಿಂದ ತೆಗೆಸಿ ನಿನ್ನ ನಂಬರಿಗೆ ಕಳಿಸಿದ್ದೇನೆ. ಪೆನ್ ಡ್ರೈವ್ ಈ ಪಾಕೀಟಿನಲ್ಲಿದೆ. ಮ ವರೆಗೆ ಬಂದಿದ್ದೇನೆ. ಬಾಗುವ ಪರದೆಯ ಮೇಲೆ ನೆಟ್ಟಗೆ ಬರೆಯುವುದು ಎಂಥ ಕಷ್ಟ! ಒಂದೊಂದು ತಲೆಕಟ್ಟನ್ನು ಹತ್ತು ಸಲ ತಿದ್ದಿ, ಕಣ್ಣಿಗೆ ಸರಿ ಕಾಣುವವರೆಗೆ ಬಿಡಲಿಲ್ಲ. ಕಾರ್ಡು ಮೋಸ ಮಾಡಿದರೇನು, ನಾನು ಮಾಡಲಿಲ್ಲ. ಟ, ಠ, ಡ ಗಳ ಸಾಲು ನೋಡು. ನನ್ನ ಜೀವಮಾನದಲ್ಲಿ ಇಷ್ಟು ದುಂಡಗೆ ಠ ಬರೆದಿರಲಿಲ್ಲ.

ಈ ಪತ್ರದಲ್ಲಿ ಅಕ್ಷರ ದೊಡ್ಡವಾಗಿವೆ, ಸಾಲು ಇಳಿದಿವೆ ಎಂದು ನಗಬೇಡ. ಪೆನ್ನು ದಪ್ಪನೆಯದು.

ಹುಸೇನಪೀರ


ಕಿತ್ತೂರು
3 ಆಗಸ್ಟ್ 2025

ಉಸ್ತಾದರಿಗೆ,

ಫೋಟೋ ತಲುಪಿತು. ಫೋಟೋದಲ್ಲಿ ಗೆರೆ ನೆಟ್ಟಗೇ ಇದೆ. ಬೆಳಿಗ್ಗೆ ತೆಗೆದಿರಬೇಕು. ಕಾರ್ಡು ಕಾದ ಮೇಲೆ ಮಾತ್ರ ಬಾಗುತ್ತದೆ, ತಣ್ಣಗಿದ್ದಾಗ ಇಲ್ಲ. ಹಾಗೆಯೇ ಇರಬೇಕು.

ಅಕ್ಷರ ನೋಡಿದೆ. ಚೆನ್ನಾಗಿವೆ.

ಮೇಲೆ ಎರಡು ಸಾಲು ಹೊಡೆದುಹಾಕಿದ್ದೇನೆ, ಓದಲು ಹೋಗಬೇಡಿ. ಏನೋ ಬರೆಯಲು ಹೋಗಿ ಬಿಟ್ಟೆ. ಕಾರ್ಡು ಹುಡುಕುತ್ತಿದ್ದೇನೆ.

ಗೌರೀಶ


ಸವದತ್ತಿ
24 ಆಗಸ್ಟ್ 2025

ಗೌರೀಶ,

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆದಿದ್ದೀಯ. ಚೆನ್ನಾಗಿವೆ ಎಂಬ ಒಂದೇ ಮಾತು! ಠ ಬಗ್ಗೆ ಒಂದು ಸೊಲ್ಲಿಲ್ಲ. ಹೊಟ್ಟೆಕಿಚ್ಚೋ ಏನೋ. ನೀನು ಸುಳ್ಳು ಬರೆದಿದ್ದೀಯೋ ಖರೆಯೋ ಎಂದು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ. ಅಕ್ಷರ ಆತುಕೊಂಡಿವೆಯೋ ಬಿಡಿಯಾಗಿವೆಯೋ ನನಗೆ ಗೊತ್ತಾಗಲಿಲ್ಲ. ಹೊಡೆದುಹಾಕಿದ ಸಾಲನ್ನು ಓದಬೇಡ ಎಂದಿದ್ದೀಯ. ಹೊಡೆದುಹಾಕದಿದ್ದ ಸಾಲುಗಳನ್ನೂ ಅನ್ವರಬಿಯೇ ಓದಿದಳು.

ನಿನಗೊಬ್ಬನಿಗೆ ಹೇಳುತ್ತೇನೆ. ಅವಳ ಮುಖ ನೋಡಿದರೆ ಮುಖ ಕಾಣುವುದಿಲ್ಲ. ಕಿವಿಯ ಓಲೆ ನೋಡಿದರೆ ಮುಖ ಪಕ್ಕದಲ್ಲಿ ಮೂಡುತ್ತದೆ. ಹೀಗಾಗಿ ಅವಳ ಜೊತೆ ಮಾತಾಡುವಾಗ ಓಲೆ ನೋಡುತ್ತೇನೆ. "ಏನ್ರಿ, ಓಲಿ ಮಾರಾಕ ಕೊಡ್ಲಿ ಅಂತ ನೋಡಾಕ ಹತ್ತೀರೇನು?" ಎಂದು ನಗುತ್ತಾಳೆ. ಅವಳಿಗೆ ಹೇಳಿಲ್ಲ.

ಇದಕ್ಕೂ ಕಾರ್ಡಿಗೂ ಏನು ಸಂಬಂಧ ಎಂದು ಕೇಳಬೇಡ. ನನ್ನ ಮೇಲೆ ದಯೆಯಿದ್ದರೆ ಕೇಳಬೇಡ. ಕಾರ್ಡು ಹೋದರೆ ಇನ್ನೊಂದು ಸಿಗುತ್ತದೆ. ಕಾರ್ಡು ಬರಲಿ. ಬೇಗ ಕಳಿಸು.

ಹುಸೇನಪೀರ


ಕಿತ್ತೂರು
13 ಸೆಪ್ಟೆಂಬರ್ 2025

ಉಸ್ತಾದರಿಗೆ,

ಕಾರ್ಡು ಸಿಕ್ಕಿತು. ರಾಮದುರ್ಗದಲ್ಲಿ ಸೀರೆಯ ಅಂಚಿನ ಡಿಸೈನ್ ಮಾಡುವವರ ಹಳೆಯ ಕಂಪ್ಯೂಟರಿನಲ್ಲಿದ್ದದ್ದು. ಅರ್ಧ ಎತ್ತರ, ಎರಡು ಜಿಬಿ, ವೇಗದ ಮೆಮೊರಿ, ನೀಲಿ ಮೂತಿಯೂ ಇದೆ, ಬೇರೆ ಪವರ್ ವೈರು ಬೇಡ. ನಿಮಗಾಗಿಯೇ ಹುಟ್ಟಿದ ಹಾಗಿದೆ. ನನ್ನ ಅಂಗಡಿಯಲ್ಲಿ ಇಡೀ ದಿನ ಓಡಿಸಿ ನೋಡಿದೆ, ಗೆರೆ ಕೂದಲಿನಷ್ಟೂ ಬಾಗಲಿಲ್ಲ. ಸದಾಶಿವನ ಕೈಯಿಂದ ಹಾಕಿಸಿ. ಮೊದಲು ಪ್ಲಗ್ ಕೀಳಬೇಕು.

ಪಾಕೀಟಿನಲ್ಲಿ ಅನ್ವರಬಿ ಭಾಬಿಗೆ ಒಂದು ಚೀಟಿ ಇಟ್ಟಿದ್ದೇನೆ. ಅದು ಕಾರ್ಡಿನ ವಿಷಯವಲ್ಲ.

ಗೌರೀಶ

ಭಾಬಿ, ಕಾರ್ಡು ಹಾಕಿದ ಮೇಲೂ ಗೆರೆ ಬಾಗಿದೆ ಎಂದರೆ ಅದೇ ದಿನ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಾರ್ಡು ಹಾಕುವ ಮೊದಲು ಕರೆದರೆ ಅವರು ಏಳುವುದಿಲ್ಲ, ನನಗೆ ಗೊತ್ತು.


ಸವದತ್ತಿ
6 ಅಕ್ಟೋಬರ್ 2025

ಗೌರೀಶ,

ಇದು ಅನ್ವರಬಿಯ ಕೈ, ಮಾತು ನನ್ನದು.

ಕಾರ್ಡು ಹಾಕಿಸಿದೆವು. ಪರದೆ ಬೆಳಗಿತು. ಸದಾಶಿವ "ಏ, ಕನ್ನಡಿ ಆಗೇತ್ರಿ!" ಎಂದ. ನಾನು ಗೆರೆ ಎಳೆದೆ. ಬಾಗಿತು. ಅವನು ನೆಟ್ಟಗಿದೆ ಎಂದ. ಅನ್ವರಬಿ ನೆಟ್ಟಗಿದೆ ಎಂದಳು. ಇನ್ನು ಯಾರನ್ನು ಕೇಳಲಿ?

ಅದೇ ಸಂಜೆ ಅವಳು ನನ್ನನ್ನು ಹುಬ್ಬಳ್ಳಿಗೆ ಎಬ್ಬಿಸಿಕೊಂಡು ಹೋದಳು. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳ ಸೋರಿ ನಡುಭಾಗ ಕೆಟ್ಟಿದೆಯಂತೆ. ಡಾಕ್ಟರು ಕೇಳಿದರು, "ಗೆರಿ ಬಾಗಿ ಕಾಣಾಕ ಹತ್ತಿ ಎಷ್ಟ ದಿನ ಆತ್ರಿ?" ಜೂನಿನಿಂದ ಎಂದೆ. "ಜೂನದಾಗ ಬಂದಿದ್ರ ಸೂಜಿ ಮಾಡಿ ನಿಲ್ಲಸ್ತಿದ್ವಿ. ಇಷ್ಟ ದಿನ ಏನ್ ಮಾಡಿದ್ರಿ?" ಎಂದರು. ಕಾರ್ಡು ಹುಡುಕುತ್ತಿದ್ದೆವು ಎಂದು ಹೇಳಲು ನಾಚಿಕೆಯಾಯಿತು. ನಡುವಿನದು ಇನ್ನು ಬರುವುದಿಲ್ಲ. ಸುತ್ತಲಿನದು ಉಳಿಯಬೇಕಾದರೆ ತಿಂಗಳಿಗೊಂದು ಸೂಜಿ, ಒಂದನ್ನೂ ತಪ್ಪಿಸಬಾರದು. ಮೊದಲನೆಯದು ಆಯಿತು.

ನಿನ್ನನ್ನು ದೂರುತ್ತಿಲ್ಲ. ನೀನು ಹೇಳಿದ್ದು ನನಗೆ ಬೇಕಾದ ಮಾತಾಗಿತ್ತು.

ಒಂದೇ ಒಂದನ್ನು ಕೇಳುತ್ತೇನೆ. ಕಲೆಯ ಅಂಚಿನಲ್ಲಿಟ್ಟು ನನ್ನ ಅಕ್ಷರಗಳನ್ನೆಲ್ಲ ಮತ್ತೆ ನೋಡಿದೆ. ಅ ದಿಂದ ಞ ವರೆಗಿನವು ಬಾಗಿ ಕಾಣುತ್ತವೆ, ಟ ದಿಂದ ಮುಂದಿನವು ನೆಟ್ಟಗೆ. ಇವೆರಡರಲ್ಲಿ ಯಾವುದು ಖರೆ? ನಿನ್ನ ಹತ್ತಿರ ಪ್ರತಿಯಿದೆ. ಸುಳ್ಳು ಬರೆಯಬೇಡ, ಅಕ್ಷರ ಆತುಕೊಂಡಿವೆಯೋ ಎಂದು ಅವಳನ್ನು ಕೇಳಿ ತಿಳಿಯುತ್ತೇನೆ.

ಹುಸೇನಪೀರ


ಕಿತ್ತೂರು
11 ಅಕ್ಟೋಬರ್ 2025

ಉಸ್ತಾದರಿಗೆ,

ಖರೆಯನ್ನೇ ಬರೆಯುತ್ತೇನೆ. ಅ ದಿಂದ ಞ ವರೆಗಿನವು ನೆಟ್ಟಗಿವೆ. ಅಂಥ ಅಕ್ಷರ ಈ ನಾಲ್ಕು ತಾಲೂಕಿನಲ್ಲಿ ಯಾರೂ ಬರೆಯಲಿಲ್ಲ. ಟ ದಿಂದ ಮುಂದೆ ಎಲ್ಲ ಬಾಗಿವೆ. ಠ ಒಂದು ಕಡೆ ಒತ್ತಿ ಹೋಗಿದೆ, ತಲೆಕಟ್ಟುಗಳು ನೀರಿನಲ್ಲಿ ಅಲುಗಾಡಿದ ಹಾಗಿವೆ. ನಿಮಗೆ ನೆಟ್ಟಗೆ ಕಾಣುವವರೆಗೆ ತಿದ್ದಿದಿರಿ. ನಿಮ್ಮ ಕಣ್ಣು ಎಷ್ಟು ಬಾಗಿತ್ತೋ ಅಷ್ಟನ್ನೂ ಅಕ್ಷರಕ್ಕೆ ತುಂಬಿದಿರಿ.

ನಾನಿದನ್ನು ಆಗಸ್ಟಿನಲ್ಲೇ ನೋಡಿದೆ. ಕಾರ್ಡು ಪರದೆಯನ್ನು ಕೆಡಿಸಬಹುದು, ಬರೆದಿಟ್ಟ ಫೈಲನ್ನು ಬಾಗಿಸಲಾರದು. ಅದು ನನಗೆ ಗೊತ್ತು, ನನ್ನ ಹೊಟ್ಟೆಪಾಡೇ ಅದು. ಹೊಡೆದುಹಾಕಿದ ಎರಡು ಸಾಲಿನಲ್ಲಿ, ಮನೆಯ ಬಾಗಿಲ ಚೌಕಟ್ಟು ಬಾಗಿ ಕಾಣುತ್ತದೆಯೇ ಎಂದು ಕೇಳಿದ್ದೆ. ಹೌದು ಎಂದು ಬರೆದರೆ ಏನು ಮಾಡಲಿ ಎಂದು ಹೆದರಿ ಹೊಡೆದೆ. ಆಮೇಲೆ ಕಾರ್ಡೇ ಹೋಗಿರಲಿ ದೇವರೇ ಎಂದು ಊರೂರು ತಿರುಗಿದೆ.

ಸೂಜಿ ತಪ್ಪಿಸಬೇಡಿ. ಒಂದನ್ನೂ ತಪ್ಪಿಸಬೇಡಿ. ಞ ವರೆಗಿನದು ನನ್ನ ಬಳಿ ಭದ್ರವಾಗಿದೆ. ನೀವು ಕರೆದರೆ ಬರುತ್ತೇನೆ, ಕರೆಯದೆ ಬರಲು ನನಗೆ ಮುಖವಿಲ್ಲ.

ಈ ಪತ್ರದ ಅಕ್ಷರ ಆತುಕೊಂಡಿಲ್ಲ. ಭಾಬಿಯನ್ನು ಕೇಳಿ.

ಗೌರೀಶ


ಸವದತ್ತಿ
1 ನವೆಂಬರ್ 2025

ಗೌರೀಶ ಅವರಿಗೆ ಅನ್ವರಬಿಯ ಸಲಾಮು.

ಅವರು ಅಂಗಳದಲ್ಲಿದ್ದಾರೆ, ಮೊದಲು ನನ್ನ ಮಾತು ಬರೆದುಬಿಡುತ್ತೇನೆ. ನಿಮ್ಮ ಪತ್ರವನ್ನು ಅವರಿಗೆ ನೀವು ಬರೆದ ಹಾಗೆ ಓದಲಿಲ್ಲ. ಎದುರಿಗೆ ಕೂತು ನನ್ನ ಓಲೆ ನೋಡುತ್ತಿದ್ದರು. ಓಲೆ ಯಾಕೆ ನೋಡುತ್ತಾರೆ ಎಂಬುದು ನನಗೆ ಗೊತ್ತು, ಅವರು ನಿಮಗೆ ಅದನ್ನು ಬರೆದ ಪತ್ರವನ್ನೂ ಮುಚ್ಚುವ ಮೊದಲು ಓದಿಯೇ ಕಳಿಸಿದ್ದೆ. ಆ ಮುಖಕ್ಕೆ ಅವರ ಅಕ್ಷರಗಳು ಬಾಗಿವೆ ಎಂದು ಹೇಗೆ ಹೇಳಲಿ? "ಎಲ್ಲಾ ನೆಟ್ಟಗ ಅದಾವ ಅಂತ ಬರದಾನ. ಮೊದಲಿನೂ ನೆಟ್ಟಗ, ಆಮ್ಯಾಲಿನೂ ನೆಟ್ಟಗ" ಎಂದು ಓದಿಬಿಟ್ಟೆ.

ಅವರು ಕೇಳಿದರು, "ಅಕ್ಷರ ಹೆಂಗದಾವ? ಆತಗೊಂಡಾವೇನು?" ಅದೊಂದನ್ನು ಖರೆ ಹೇಳಿದೆ. "ಇಲ್ಲ. ಬಿಡಿಬಿಡಿ ಅದಾವ."

ಅಲ್ಲಿಗೆ ನಂಬಿದರು. ನಾನು ಹೇಳಿದ್ದನ್ನಲ್ಲ, ನಿಮ್ಮ ಅಕ್ಷರವನ್ನು. ಕಣ್ಣು ಕೆಟ್ಟಿದ್ದರೆ ಟ ದಿಂದ ಮುಂದಿನವು ಬಾಗಿಯೇ ಬರಬೇಕಿತ್ತು, ಎರಡೂ ಸಾಲು ನೆಟ್ಟಗಿದ್ದರೆ ಬಾಗಿ ತೋರಿಸುತ್ತಿರುವುದು ಪರದೆಯೇ, ಹೊಸ ಕಾರ್ಡೂ ಖೊಟ್ಟಿ ಎಂದು ಲೆಕ್ಕ ಹಾಕಿದರು. ಅವತ್ತಿನಿಂದ ನಗುತ್ತಿದ್ದಾರೆ. ಮೊನ್ನೆ ಎರಡನೆಯ ಸೂಜಿಯ ದಿನ. "ಕಣ್ಣಿಗೇನೂ ಆಗಿಲ್ಲ, ಡಾಕ್ಟರಿಗೆ ಏನ್ ಗೊತ್ತು" ಎಂದು ಏಳಲಿಲ್ಲ. ಅಳುತ್ತ ನಿಮ್ಮ ಪತ್ರವನ್ನು ಖರೆ ಖರೆ ಓದಿದೆ. ಕೇಳಲಿಲ್ಲ. "ಈಗ ನೀ ಕಟ್ಟಿ ಹೇಳಾಕ ಹತ್ತೀ. ಅಕ್ಷರ ಬಿಡಿಬಿಡಿ ಅದಾವ ಅಂತ ನೀನ ಹೇಳಿದ್ದಿ" ಎಂದರು. ಇನ್ನು ನಾನು ಓದಿದ ಯಾವ ಕಾಗದವನ್ನೂ ನಂಬುವುದಿಲ್ಲ. ಅವರು ಕರೆಯಲಿ ಎಂದು ಕಾಯಬೇಡಿ, ನಾನು ಕರೆಯುತ್ತಿದ್ದೇನೆ. ನಿಮ್ಮ ಫೋನನ್ನು ಅವರು ಕಿವಿಗೆ ಹಿಡಿಯುವುದಿಲ್ಲ, ನೀವೇ ಬಂದು ಬಾಯಿಂದ ಹೇಳಿ. ತಡವಾದರೆ ಸುತ್ತಲಿನದೂ ಹೋಗುತ್ತದೆ.

ಒಳಗೆ ಬಂದರು. ಮುಂದಿನದು ಅವರ ಮಾತು.

ಗೌರೀಶ, ಇವಳು ಏನೇನು ಬರೆದಿದ್ದಾಳೋ, ತಲೆಗೆ ಹಚ್ಚಿಕೊಳ್ಳಬೇಡ. ನಿನ್ನ ಕಾರ್ಡು ನನಗೆ ಒಗ್ಗಲಿಲ್ಲ. ಎರಡು ಜಿಬಿ ಸಾಲದು ಎಂದು ಕಾಣುತ್ತದೆ, ಈ ಸಲ ನಾಲ್ಕು ಜಿಬಿಯದು ನೋಡು. ಅರ್ಧ ಎತ್ತರ, ನೀಲಿ ಮೂತಿ, ಮರೆಯಬೇಡ. ರಾಜ್ಯೋತ್ಸವವಂತೂ ಇವತ್ತೇ ಆಗಿಹೋಯಿತು, ಶ ದಿಂದ ಳ ವರೆಗೆ ಕಾರ್ಡು ಬಂದ ಮೇಲೆ ಬರೆಯುತ್ತೇನೆ. ನೀನು ಬರುವುದೇನೂ ಬೇಡ, ಬಸ್ಸಿಗೆ ಕೊಟ್ಟರೆ ಸಾಕು. ಹೋದ ಸಲ ಅವಸರ ಮಾಡಿಸಿ ತಪ್ಪು ಮಾಡಿದೆ. ಈ ಸಲ ಅವಸರವಿಲ್ಲ, ನಿಧಾನವಾಗಿ ಹುಡುಕು.

ಹುಸೇನಪೀರ